ಹಕ್ಕಿಜ್ವರದ ವಾರ್ಡಿನಲ್ಲಿ ನಾನು ಮತ್ತು ರೇಖಾ

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಜನ ನನ್ನನ್ನು ಅತಿ ಹೆಚ್ಚು ಕೇಳಿದ ಪ್ರಶ್ನೆ ಒಂದೇ: "ಏನು ತಿಂದಿದ್ರಿ?"

ಹೇಗಿದ್ದೀರಿ ಎಂದು ಕೇಳಿದವರು ತೀರಾ ಕಡಿಮೆ. ಭದ್ರಾವತಿಯ ನ್ಯೂ ಟೌನಿನಲ್ಲಿ ನಮ್ಮ ಎದುರು ಮನೆಯ ವಿಮಲಾ ಅಂತೂ ಕೇಳುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ನಾನು ಇನ್ನೂ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದಾಗಲೇ ಬೀದಿಗೆಲ್ಲ ಉತ್ತರ ಹಂಚಿ ಮುಗಿಸಿದ್ದಳು. "ಲಿಂಗಾಯತರು ಅಂತ ಹೇಳ್ಕೋತಾರೆ, ಹೊರಗಡೆ ಗುಟ್ಟಾಗಿ ಕೋಳಿ ತಿಂತಾರೆ. ಇಲ್ದಿದ್ರೆ ಹಕ್ಕಿಜ್ವರ ಎಲ್ಲಿಂದ ಬರುತ್ತೆ?"

ಇದನ್ನು ವಿಮಲಾಗೆ ಉತ್ತರ ಕೊಡಲು ಬರೆಯುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳನ್ನೂ ಸೇರಿಸಿಕೊಂಡೇ ಬರೆಯುತ್ತಿದ್ದೇನೆ. ಆದರೆ ಎಲ್ಲೋ ಒಂದು ವಾರ್ಡಿನಲ್ಲಿ, ಗಾಜಿನ ಆಚೆ ನಿಂತು ಮನೆಯವರು ಮುಖ ತಿರುಗಿಸಿಕೊಂಡದ್ದನ್ನು ನೋಡುತ್ತಾ ಮಲಗಿರುವವರು ಯಾರಾದರೂ ಇದ್ದರೆ, ಅವರಿಗೂ ಇದು ತಲುಪಲಿ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ನನ್ನ ಗಂಡ ಪ್ರಸನ್ನ ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಸೂಪರ್‌ವೈಸರ್. ನಮಗೆ ಮಕ್ಕಳಿಲ್ಲ. ನನ್ನ ತಮ್ಮ ಮಹೇಶನ ಮಗಳು ಸಿಂಚನಾ ನಮಗೂ ಮಗಳೇ. ಮಹೇಶ ಆಯನೂರಿನ ಹತ್ತಿರ, ಅಪ್ಪ ಬಿಟ್ಟುಹೋದ ಜಮೀನಿನಲ್ಲಿ ಮೊಟ್ಟೆ ಕೋಳಿಯ ಫಾರ್ಮ್ ಹಾಕಿದ್ದ. ನಮ್ಮ ಮನೆಗಳ ಅಡುಗೆಮನೆಗೆ ಮೊಟ್ಟೆಯೂ ಬರುವುದಿಲ್ಲ. ನೆಂಟರು ಚುಚ್ಚಿದಾಗ ಅವನು, "ಸಾಕೋದು ಬೇರೆ, ತಿನ್ನೋದು ಬೇರೆ. ನಾನು ಸಾಕ್ತೀನಿ ಅಷ್ಟೆ" ಎನ್ನುತ್ತಿದ್ದ. ಅದರಲ್ಲಿ ನನಗೂ ತಪ್ಪು ಕಂಡಿರಲಿಲ್ಲ.

ಆ ಭಾನುವಾರ ಸಿಂಚನಾಳ ಹುಟ್ಟುಹಬ್ಬ. ಪ್ರಸನ್ನನಿಗೆ ಡ್ಯೂಟಿ ಇತ್ತು. ನಾನೊಬ್ಬಳೇ ಬಸ್ಸಿಳಿದು ಹೋದೆ. ಮನೆಯಲ್ಲಿ ಯಾರೂ ಇರಲಿಲ್ಲ. ಹುಡುಗಿ ಪಕ್ಕದ ಮನೆಯಲ್ಲಿ ಆಡುತ್ತಿದ್ದಳು. ಹಿಂದಿನ ಶೆಡ್ಡಿನ ಕಡೆಯಿಂದ ಮಹೇಶನ ಹೆಂಡತಿ ರೇಖಾಳ ಕೆಮ್ಮು ಕೇಳಿತು. ಹೋಗಿ ನೋಡಿದರೆ ಮೂಗಿಗೆ ಸೆರಗು ಕಟ್ಟಿಕೊಂಡು, ಪಂಜರಗಳಿಂದ ಸತ್ತ ಕೋಳಿಗಳನ್ನು ಎಳೆದು ಫೀಡಿನ ಖಾಲಿ ಚೀಲಕ್ಕೆ ತುಂಬುತ್ತಿದ್ದಳು.

"ಕೆಲಸದವರೆಲ್ಲಿ?"

"ಬಿಟ್ಟು ಹೋದ್ರು ಅತ್ತಿಗೆ. ಹೆದರ್ಕೊಂಡು." ಒಂದು ಕೋಳಿಯನ್ನು ಎತ್ತಿ ತೋರಿಸಿದಳು. "ಜುಟ್ಟು ನೋಡಿ, ಹೆಂಗೆ ಕಪ್ಪಾಗಿದೆ. ಬೇಸಿಗೆಗೆ ಸತ್ರೆ ಹಿಂಗಾಗಲ್ಲ."

ಅಷ್ಟರಲ್ಲಿ ಮಹೇಶ ಬಂದ. "ಸೆಕೆ ಅಕ್ಕ, ಸೆಕೆಗೆ ಸಾಯ್ತಾವೆ. ಪ್ರತಿ ವರ್ಷ ಇದ್ದಿದ್ದೇ. ಇವಳಿಗೆ ಎಲ್ಲದಕ್ಕೂ ಗಾಬರಿ." ಆಮೇಲೆ ತುಸು ಮೆತ್ತಗಾಗಿ, "ಒಂಚೂರು ಕೈ ಹಾಕ್ತೀಯಾ? ಮೊಟ್ಟೆ ಗಾಡಿ ಬರೋ ಹೊತ್ತಾಯ್ತು" ಎಂದ.

ನಾನು ಚೀಲದ ಬಾಯಿ ಹಿಡಿದುಕೊಂಡೆ. ರೇಖಾ ತುಂಬಿದಳು. ಎರಡು ಚೀಲಗಳನ್ನು ಇಬ್ಬರೂ ಸೇರಿ ಹಿತ್ತಲ ಗುಂಡಿಯವರೆಗೆ ಎಳೆದೆವು. ಪುಕ್ಕ, ಧೂಳು, ಒಂಥರಾ ಹುಳಿವಾಸನೆ. ಬಂದು ಸೋಪು ಹಾಕಿ ಕೈ ತೊಳೆದುಕೊಂಡು ಹೋಳಿಗೆ ತಿಂದೆವು. ಸಂಜೆ ಬಸ್ಸಿಗೆ ಬಂದೆ. ಆಗಿದ್ದು ಇಷ್ಟೇ.

ನಾನು ಮಾರನೆಯ ದಿನವೇ ಜ್ವರದಲ್ಲಿ ಮಲಗಿದ್ದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಈ ರೋಗದ ಕುತಂತ್ರ ಅಲ್ಲೇ ಇದೆ. ಮೈಯೊಳಗೆ ಹೊಕ್ಕು ಸುಮ್ಮನೆ ಕೂತಿತ್ತು. ನಾನು ಶಾಲೆಗೆ ಹೋದೆ, ಪೇಪರ್ ತಿದ್ದಿದೆ, ವಿಮಲಾಳ ಮನೆಯ ಕುಂಕುಮಕ್ಕೂ ಹೋಗಿಬಂದೆ. ಆ ಭಾನುವಾರ ತಲೆಯಿಂದ ಪೂರ್ತಿ ಜಾರಿಹೋದ ಮೇಲೆ, ವಾರದ ಕೊನೆಗೆ, ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತಿರುವಾಗ ಚಳಿ ಹತ್ತಿತು. ಮನೆಗೆ ಬರುವಷ್ಟರಲ್ಲಿ ಕಣ್ಣು ಕೆಂಪಾಗಿ ಉರಿಯುತ್ತಿತ್ತು.

ಭದ್ರಾವತಿಯ ಕ್ಲಿನಿಕ್ಕಿನಲ್ಲಿ ಡೆಂಗಿ ನೋಡಿದರು, ಟೈಫಾಯ್ಡ್ ನೋಡಿದರು. "ಕಾಡಿಗೆ ಹೋಗಿದ್ರಾ? ಮಂಗ ಸತ್ತಿದ್ದು ನೋಡಿದ್ರಾ?" ಎಂದರು. ನಮ್ಮ ಜಿಲ್ಲೆಯಲ್ಲಿ ಜ್ವರ ಎಂದರೆ ಮಂಗನ ಕಾಯಿಲೆಯ ಪ್ರಶ್ನೆ ಇದ್ದೇ ಇರುತ್ತದೆ. ಕೋಳಿಯ ಬಗ್ಗೆ ಯಾರೂ ಕೇಳಲಿಲ್ಲ. ಕಾಯುವ ಬೆಂಚಿನ ಮೇಲೆ ನನ್ನ ಕೆಮ್ಮು ಕೇಳಿ ಪಕ್ಕದ ಹೆಂಗಸು ಮಗುವನ್ನೆತ್ತಿಕೊಂಡು ಎದ್ದುಹೋದಳು. ಆಗ ಅವಮಾನವಾಗಿತ್ತು. ಈಗ ನೆನೆದರೆ, ಆ ಇಡೀ ದಿನ ಸರಿಯಾದ ಕೆಲಸ ಮಾಡಿದವಳು ಅವಳೊಬ್ಬಳೇ.

ಮೆಟ್ಟಿಲು ಹತ್ತಲಾಗದೆ ಉಸಿರು ಸಿಕ್ಕಿಕೊಂಡ ದಿನ ಪ್ರಸನ್ನ ಕಾರು ಮಾಡಿಕೊಂಡು ಶಿವಮೊಗ್ಗಕ್ಕೆ ಕರೆದೊಯ್ದರು. ದೊಡ್ಡ ಆಸ್ಪತ್ರೆ. ಎಕ್ಸ್‌ರೇ ನೋಡಿದ ಡಾಕ್ಟರಮ್ಮನ ಮುಖ ಬಿಗಿಯಾಯಿತು. ಅವರು ಕೇಳಿದ ಮೊದಲ ಪ್ರಶ್ನೆಗಳಲ್ಲೇ ಅದು ಇತ್ತಂತೆ: "ಕೋಳಿ, ಹಕ್ಕಿ ಏನಾದ್ರೂ ಮುಟ್ಟಿದ್ರಾ ಇವರು?"

ನಾನು ಮಂಪರಿನಲ್ಲಿದ್ದೆ. ಉತ್ತರ ಕೊಟ್ಟವರು ನನ್ನ ಗಂಡ. "ಮೇಡಂ, ನಾವು ಲಿಂಗಾಯತರು. ಕೋಳಿ ಹತ್ರಾನೂ ಹೋಗಲ್ಲ."

ಶ್ವಾಸಕೋಶ ತುಂಬಿಕೊಳ್ಳುತ್ತಿರುವಾಗ ನನ್ನ ಜಾತಿ ನನ್ನ ಪರವಾಗಿ ಸಾಕ್ಷಿ ಹೇಳಿತು. ಡಾಕ್ಟರಮ್ಮ ಅದನ್ನು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು.

ಮರುದಿನ ಮಹೇಶ ಬಂದ. ಗಾಜಿನ ಬಾಗಿಲಿನಾಚೆ ಪ್ರಸನ್ನನ ಭುಜದ ಮೇಲೆ ಕೈಯಿಟ್ಟು ತುಂಬ ಹೊತ್ತು ಮಾತಾಡಿದ. ಒಳಗೆ ಬರಲಿಲ್ಲ. ದೂರದಿಂದಲೇ ನನಗೆ ಕೈ ಮಾಡಿ ಹೋದ. ಅವನು ಹೇಳಿದ್ದು ನನಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ: "ಭಾವ, ಅಕ್ಕ ಫಾರ್ಮಿಗೆ ಬಂದಿದ್ದು ಇಲ್ಲಿ ಎಲ್ಲೂ ಹೇಳ್ಬೇಡಿ. ಸುಮ್ನೆ ನನ್ನ ಶೆಡ್ ಖಾಲಿ ಮಾಡಿಸ್ತಾರೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಪ್ರಸನ್ನ ಹೂಂ ಎಂದು ತಲೆಯಾಡಿಸಿದರು. ನಾನು ಸತ್ತ ಕೋಳಿ ಮುಟ್ಟಿದ್ದು ಅವರಿಗೆ ಗೊತ್ತಿರಲಿಲ್ಲ, ಅದು ನಿಜ. ಆದರೆ ಮಹೇಶನಿಗೆ ಗೊತ್ತಿತ್ತು. ಚೀಲದ ಬಾಯಿ ಹಿಡಿ ಎಂದವನೇ ಅವನು.

ಅದೇ ಮಧ್ಯಾಹ್ನ ದಿಂಬಿನ ಪಕ್ಕದಲ್ಲಿದ್ದ ನನ್ನ ಫೋನು ನಡುಗಿತು. ರೇಖಾ. ದನಿ ಎಷ್ಟು ಸಣ್ಣಗಿತ್ತೆಂದರೆ ಮೊದಲು ಯಾರೆಂದು ಗೊತ್ತಾಗಲಿಲ್ಲ.

"ಅತ್ತಿಗೆ, ನಿಮಗೂ ಕಣ್ಣು ಉರಿತಿತ್ತಾ?"

ಮಾಸ್ಕಿನೊಳಗಿಂದ ಹೂಂ ಎಂದೆ.

"ನನಗೂ ಹಂಗೇ ಆಗಿದೆ. ಜ್ವರ ಬಿಡ್ತಿಲ್ಲ. ಆಸ್ಪತ್ರೆಗೆ ಹೋಗಣ ಅಂದ್ರೆ ಇವರು, ಇನ್ನೊಂದು ಲೋಡ್ ಹೋಗ್ಲಿ ಅಂತಾರೆ. ಸಿಂಚನಾನ ನಮ್ಮಮ್ಮನ ಮನೆಗೆ ಕಳಿಸಿಬಿಟ್ಟೆ. ಅತ್ತಿಗೆ, ಅವತ್ತು ನಾವಿಬ್ರೇ ಅಲ್ವಾ ಚೀಲ..."

ಲೈನು ಕಟ್ಟಾಯಿತು. ಕಟ್ಟಾಯಿತೋ, ಯಾರಾದರೂ ಕಿತ್ತುಕೊಂಡರೋ ಗೊತ್ತಿಲ್ಲ. ಆ ಭಾನುವಾರ ಇಡಿಯಾಗಿ ನನ್ನ ಮುಂದೆ ಬಂದು ನಿಂತಿತು. ಕಪ್ಪು ಜುಟ್ಟು. ಹುಳಿವಾಸನೆ. ಹೆದರಿ ಬಿಟ್ಟುಹೋದ ಕೆಲಸದವರು. ನಾನು ಹಾಸಿಗೆಯ ಕಂಬಿಗೆ ಫೋನಿನಿಂದ ಬಡಿದೆ. ಸಿಸ್ಟರ್ ಓಡಿಬಂದರು. ಡಾಕ್ಟರನ್ನು ಕರೆಯಿರಿ ಎಂದು ಸನ್ನೆ ಮಾಡಿದೆ.

ಡಾಕ್ಟರಮ್ಮ ಬಂದಾಗ ಪ್ರಸನ್ನನೂ ಹಿಂದೆ ನಿಂತಿದ್ದರು. ನಾನು ಮಾಸ್ಕ್ ಸರಿಸಿ ತುಂಡು ತುಂಡಾಗಿ ಹೇಳಿದೆ. ತಮ್ಮನ ಫಾರ್ಮ್. ಸತ್ತ ಕೋಳಿ. ಚೀಲ. ಅವನ ಹೆಂಡತಿಗೂ ಜ್ವರ.

"ಯಾವತ್ತು?" ಎಂದರು. ಹೇಳಿದೆ. ಅವರು ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿದರು. "ಲೆಕ್ಕ ಸರಿಹೋಗುತ್ತೆ" ಎಂದು ತಮಗೆ ತಾವೇ ಹೇಳಿಕೊಂಡರು. ನಂತರ ನನ್ನ ಗಂಡನ ಕಡೆ ತಿರುಗಿದರು. "ನಾನು ಏನ್ ತಿಂತೀರಿ ಅಂತ ಕೇಳಿರ್ಲಿಲ್ಲ ಸರ್. ಏನ್ ಮುಟ್ಟಿದ್ರು ಅಂತ ಕೇಳಿದ್ದೆ."

ಪ್ರಸನ್ನ ನೆಲ ನೋಡಿದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರ ಮೇಲೆ ನನಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಆ ಸಿಟ್ಟನ್ನು ಹೊರಗೆ ಹಾಕಲು ಉಸಿರಿರಲಿಲ್ಲ, ಅಷ್ಟೆ.

ಆಮೇಲೆ ಎಲ್ಲವೂ ಬೇಗ ಬೇಗ ಆಯಿತು. ನನ್ನನ್ನು ಬೇರೆ ವಾರ್ಡಿಗೆ ಹಾಕಿದರು. ಗಂಟಲಿನಿಂದ, ಮೂಗಿನಿಂದ ತೆಗೆದ ಸ್ಯಾಂಪಲ್ಲು ಬೆಂಗಳೂರಿಗೆ, ಅಲ್ಲಿಂದ ಪುಣೆಗೆ ಹೋಯಿತು. ರಿಪೋರ್ಟು ಬರುವವರೆಗೂ ಕಾಯದೆ ಕ್ಯಾಪ್ಸೂಲು ಶುರು ಮಾಡಿದರು. ಬಂದವರೆಲ್ಲ ಬಿಳಿ ಉಡುಪಿನೊಳಗೆ ಮುಚ್ಚಿಕೊಂಡಿದ್ದರು, ಯಾರಿಗೂ ಮುಖವಿರಲಿಲ್ಲ. ಪ್ರಸನ್ನನಿಗೂ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ದಿನಾ ಜ್ವರ ನೋಡಿಕೊಳ್ಳಬೇಕು, ಯಾರ ಹತ್ತಿರವೂ ಹೋಗಬಾರದು. ಈಗ ಅವರ ಸರದಿ, ಸುಮ್ಮನೆ ಕೂತು ಕಾಯುವುದು. ಫೋನಿನಲ್ಲಿ ಬೆಳಿಗ್ಗೆ ಎದ್ದ ಕೂಡಲೇ "ಇವತ್ತೂ ಇಲ್ಲ" ಎನ್ನುತ್ತಿದ್ದರು. ಅವರ ದನಿಯಲ್ಲಿ ಸಮಾಧಾನಕ್ಕಿಂತ ತಪ್ಪಿತಸ್ಥನ ಸಂಕೋಚವೇ ಹೆಚ್ಚಾಗಿತ್ತು. ಅವರಿಗೆ ಜ್ವರ ಬರಲೇ ಇಲ್ಲ.

ಹಕ್ಕಿಜ್ವರವೇ ಎಂದು ರಿಪೋರ್ಟು ಬಂದ ದಿನ ಡಾಕ್ಟರಮ್ಮನನ್ನು ನೇರವಾಗಿ ಕೇಳಿದೆ. "ನಾನು ಉಳೀತೀನಾ?"

ಅವರು ಕುರ್ಚಿ ಎಳೆದುಕೊಂಡು ಕೂತರು. "ಸುಳ್ಳು ಹೇಳಲ್ಲ ಟೀಚರ್. ಈ ಜ್ವರ ಅಂತ ಗೊತ್ತಾದವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಉಳಿದಿಲ್ಲ. ಉಳಿದವರಲ್ಲಿ ಬೇಗ ಔಷಧಿ ಸಿಕ್ಕಿದವರು ಜಾಸ್ತಿ. ನಿಮಗೆ ತೀರಾ ತಡವೂ ಆಗಿಲ್ಲ, ಬೇಗವೂ ಆಗಿಲ್ಲ."

ನನಗೆ ಅದು ಬೇಕಿತ್ತು. ಏನೂ ಆಗಲ್ಲ, ಧೈರ್ಯವಾಗಿರಿ ಎಂದು ಗಾಜಿನಾಚೆಯಿಂದ ಹೇಳಿದವರೆಲ್ಲ ನನ್ನ ಹೆದರಿಕೆಯನ್ನು ನನ್ನೊಬ್ಬಳ ತಲೆಗೇ ಕಟ್ಟಿ ಹೋಗಿದ್ದರು. ಈ ಹೆಂಗಸು ಕೂತು ಅದರಲ್ಲಿ ಅರ್ಧ ಹೊತ್ತುಕೊಂಡರು.

ಇನ್ನೊಂದು ಉಪಕಾರವನ್ನೂ ಹೇಳಬೇಕು. ಸ್ಕ್ಯಾನಿಗೆಂದು ಕೊರಳಿನ ಶಿವದಾರ, ಲಿಂಗವಿದ್ದ ಕರಡಿಗೆ ತೆಗೆಸಿದ್ದರು. ಚಿಕ್ಕಂದಿನಿಂದ ಲಿಂಗ ಮೈಮೇಲಿಲ್ಲದೆ ನೀರು ಕುಡಿದವಳಲ್ಲ ನಾನು. ತಮಿಳು ಮನೆಮಾತಿನ ಸರೋಜ ಸಿಸ್ಟರ್, ನಾನು ಕೇಳದೆಯೇ, ಕರಡಿಗೆಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿ ನನ್ನ ಮುಂಗೈಗೆ ಪಟ್ಟಿ ಸುತ್ತಿ ಕಟ್ಟಿದರು. "ಸಾಮಿ ಇಲ್ಲೇ ಇರ್ತಾರೆ ಮ್ಯಾಡಂ, ನೀವು ಮೂಗಲ್ಲಿ ಉಸಿರು ಎಳೀರಿ ಸಾಕು."

ಅತ್ತ ಆಯನೂರಿನಲ್ಲಿ ಆರೋಗ್ಯ ಇಲಾಖೆಯವರು, ಪಶುವೈದ್ಯರು ಹೋದಾಗ ಮಹೇಶ ಗೇಟಿನಲ್ಲೇ ನಿಂತು, "ಮನೇಲಿ ಯಾರಿಗೂ ಜ್ವರ ಇಲ್ಲ. ಹೆಂಡತಿ ತವರಿಗೆ ಹೋಗಿದ್ದಾಳೆ" ಎಂದನಂತೆ. ಊರಿನ ಆಶಾ ಕಾರ್ಯಕರ್ತೆ ಅವನ ಮಾತಿಗೆ ಕಾಯದೆ ಹಿತ್ತಲ ಬಾಗಿಲಿನಿಂದ ಒಳಗೆ ಹೋದಳು. ರೇಖಾ ನಡುಮನೆಯಲ್ಲಿ ಚಾಪೆಯ ಮೇಲೆ ಬಿದ್ದಿದ್ದಳು. ತುಟಿ ನೀಲಿಗಟ್ಟಿತ್ತು.

ಅವಳನ್ನು ತಂದು ನನ್ನ ವಾರ್ಡಿಗೇ ಹಾಕಿದರು. ನಡುವೆ ಒಂದು ಪರದೆ. ವಾರ್ಡಿನಲ್ಲಿದ್ದವರು ನಾವಿಬ್ಬರೇ. ಅರ್ಧ ಎಂದರೆ ಒಬ್ಬರು.

ಮೊದಲ ದಿನ ಅವಳಿಗೆ ಮಾತಿತ್ತು. ಸಿಸ್ಟರ್ ಪರದೆ ಸರಿಸಿದಾಗ ನನ್ನ ಕಡೆ ಮುಖ ಹೊರಳಿಸಿದಳು.

"ಅತ್ತಿಗೆ, ನಿಮ್ಮನ್ನ ಶೆಡ್ಡಿಗೆ ಬಿಟ್ಕೋಬಾರ್ದಿತ್ತು ನಾನು."

"ಸುಮ್ನಿರು ಮಾರಾಯ್ತಿ. ನನ್ನ ಕರೆದಿದ್ದು ನೀನಲ್ಲ."

"ಇವರಿಗೆ ಬಯ್ಬೇಡಿ. ಹೆದರಿದ್ರು ಇವರು."

"ನೀನು ಹುಷಾರಾಗು. ಬಯ್ಯೋದು ನನಗೆ ಬಿಡು."

ಅವಳು ನಗಲು ಹೋಗಿ ಕೆಮ್ಮಿದಳು. ಮರುದಿನದಿಂದ ಅವಳ ಬಾಯಿಗೆ ಕೊಳವೆ ಹಾಕಿದರು. ಆಮೇಲೆ ಪರದೆಯಾಚೆಯಿಂದ ಯಂತ್ರದ ಸದ್ದು ಮಾತ್ರ ಬರುತ್ತಿತ್ತು. ನಾನು ಆ ಸದ್ದಿಗೆ ಸರಿಯಾಗಿ ಉಸಿರಾಡಲು ಪ್ರಯತ್ನಿಸುತ್ತಿದ್ದೆ. ನನ್ನ ಜ್ವರ ಇಳಿಯುತ್ತಾ ಬಂತು. ಗಂಜಿ ಸೇರತೊಡಗಿತು. ಅವಳಿಗೆ ಅದೇ ಕ್ಯಾಪ್ಸೂಲು, ಅದೇ ಡಾಕ್ಟರು, ಅದೇ ಸಿಸ್ಟರು. ಒಂದು ಮಧ್ಯಾಹ್ನ, ಕಿಟಕಿಯ ಬಿಸಿಲು ನೆಲದ ಮೇಲೆ ಬಿದ್ದಿರುವಾಗ, ಬಿಳಿ ಉಡುಪಿನವರು ಒಟ್ಟಿಗೆ ಬಂದು ಪರದೆಯಾಚೆ ಸೇರಿದರು. ಬಹಳ ಹೊತ್ತಿನ ಮೇಲೆ ಸರೋಜ ಸಿಸ್ಟರ್ ಈಚೆ ಬಂದು ನನ್ನ ಕೈ ಹಿಡಿದು ನಿಂತರು. ಯಂತ್ರದ ಸದ್ದು ನಿಂತಿತ್ತು.

ಕೂರಿಸಿ ಮಣ್ಣು ಮಾಡುವ ನಮ್ಮ ಪದ್ಧತಿಗೂ ಅವಕಾಶವಾಗಲಿಲ್ಲ. ಚೀಲದಲ್ಲಿ ಸುತ್ತಿ, ಮಲಗಿಸಿಯೇ ಹೂಳಿದರಂತೆ. ಹೆಗಲು ಕೊಡಲೂ ನೆಂಟರು ಬರಲಿಲ್ಲ. ಇಲಾಖೆಯ ನಾಲ್ವರು, ಮಹೇಶ, ಪ್ರಸನ್ನ. ಅಷ್ಟರಲ್ಲಾಗಲೇ ಫಾರ್ಮಿನ ಕೋಳಿಗಳನ್ನೆಲ್ಲ ಕೊಂದು ಸುಣ್ಣ ಸುರಿದು ಮುಚ್ಚಿಯಾಗಿತ್ತು.

ನಾನು ಡಿಸ್ಚಾರ್ಜ್ ಆಗುವ ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಮಹೇಶ ಕಾದಿದ್ದ. ಗಡ್ಡ ಬೆಳೆದಿತ್ತು. ಅವನ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ದಿನವಿಡೀ ಅದೇ ಶೆಡ್ಡಿನಲ್ಲಿದ್ದವನಿಗೆ ಒಂದು ನೆಗಡಿಯೂ ಬಂದಿರಲಿಲ್ಲ. ನಾನು ವೀಲ್‌ಚೇರಿನಲ್ಲಿದ್ದೆ. ಅಳುತ್ತಾನೆ ಎಂದುಕೊಂಡಿದ್ದೆ.

"ಸಮಾಧಾನ ಆಯ್ತಾ?" ಎಂದ.

"ಏನು?"

"ಒಂದು ಮಾತು ನನಗೆ ಫೋನ್ ಮಾಡಿದ್ರೆ ಆಗ್ತಿತ್ತು. ನಾನೇ ಕರ್ಕೊಂಡು ಬರ್ತಿದ್ದೆ. ಸೀದಾ ಡಾಕ್ಟರಿಗೆ ಹೇಳ್ದೆ. ಪೊಲೀಸ್ನೋರ ಥರ ಬಂದ್ರು ಮನೆಗೆ. ಅವಳು ಅದನ್ನ ನೋಡಿ ಹೆದರಿಕೆಗೇ ಅರ್ಧ ಸತ್ಲು."

"ಅವಳು ತವರಿಗೆ ಹೋಗಿದ್ದಾಳೆ ಅಂದ್ಯಂತಲ್ಲೋ."

ಅವನ ಮುಖ ಕೆಂಪೇರಿತು. "ನಿನಗೆ ಉಸಿರು ಇದೆ, ಮಾತಾಡ್ತೀಯ" ಎಂದು ಹೇಳಿ ಮೆಟ್ಟಿಲಿಳಿದು ಹೋದ. ಪ್ರಸನ್ನ ಹಿಂದೆ ಹೋಗಲು ಹೊರಟರು. "ಹೋದ್ರೆ ಅವನ ಜೊತೆಗೇ ಹೋಗಿ" ಎಂದೆ. ನಿಂತರು.

ನ್ಯೂ ಟೌನಿಗೆ ಬಂದ ಮೇಲೆ ಹಾಲಿನವನು ಪ್ಯಾಕೆಟ್ಟನ್ನು ಗೇಟಿನ ಹೊರಗೇ ಇಟ್ಟು ಹೋದ. ಮನೆಗೆಲಸದವಳು ಬರಲಿಲ್ಲ. ಶಾಲೆಯವರು, "ಈ ವರ್ಷ ಆರಾಮಾಗಿ ರೆಸ್ಟ್ ತಗೊಳ್ಳಿ ಟೀಚರ್, ಪೇರೆಂಟ್ಸ್ ಕೇಳ್ತಿದ್ದಾರೆ" ಎಂದರು. ನನ್ನಿಂದ ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದನ್ನು ಪ್ರಸನ್ನ ತೆಗೆದುಕೊಂಡು ಹೋಗಿ ತೋರಿಸಿದರು. ಮುಟ್ಟದೆ ಓದಿ, ಮೇಜಿನ ಮೇಲೇ ಬಿಟ್ಟರಂತೆ. ಒಂದು ದಿನ ವಿಮಲಾ ಗೇಟಿನಾಚೆ ನಿಂತು, "ಏನು ತಿಂದಿದ್ರಿ ಅಂತ ಡಾಕ್ಟರು ಹೇಳಿದ್ರಾ?" ಎಂದಳು. ನಾನು ಗೇಟಿನವರೆಗೂ ಹೋದೆ. ಅವಳು ಎರಡು ಹೆಜ್ಜೆ ಹಿಂದಕ್ಕೆ ಸರಿದಳು. "ನಿಮ್ಮನೆ ಕುಂಕುಮದ ದಿನ ನೀವು ಕೊಟ್ಟ ಕೋಸಂಬರಿ" ಎಂದೆ. ಅಂದಿನಿಂದ ಮಾತಿಲ್ಲ. ನನಗೆ ಅದರಿಂದ ತುಂಬ ಆರಾಮವಾಗಿದೆ.

ಪ್ರಸನ್ನನ ಜೊತೆ ಮಾತು ನಿಧಾನವಾಗಿ ಮರಳಿತು. ಅವರು ಕ್ಷಮೆ ಕೇಳಲಿಲ್ಲ. ದಿನಾ ಬಿಸಿನೀರು ಕಾಯಿಸಿ, ಎದೆಯ ವ್ಯಾಯಾಮದ ಪೈಪು ತೊಳೆದಿಟ್ಟರು. ನಾನು ಕ್ಷಮಿಸಿದೆ ಎಂದೂ ಹೇಳಲಿಲ್ಲ. ಹೊಸ ಡಾಕ್ಟರ ಹತ್ತಿರ ಹೋದಾಗ, ಅವರು ಕೇಳುವ ಮುಂಚೆಯೇ, "ಇವರು ಸತ್ತ ಕೋಳಿ ಮುಟ್ಟಿದ್ರು, ಹಕ್ಕಿಜ್ವರ ಬಂದಿತ್ತು" ಎಂದು ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಾರೆ. ಓದುವವರಿಗೂ ನಾನು ಹೇಳುವುದು ಅಷ್ಟೆ. ಮುಟ್ಟಿದ್ದರೆ ಮೊದಲ ಮಾತಿಗೇ ಹೇಳಿ. ಮನೆಯ ಮರ್ಯಾದೆಯನ್ನು ಆಮೇಲೆ ನೋಡಿಕೊಳ್ಳಬಹುದು.

ಬೇಸಿಗೆ ರಜೆ ಮುಗಿದಾಗ ಸಿಂಚನಾ ನಮ್ಮ ಮನೆಗೆ ಬಂದಳು. ಏಳನೇ ಕ್ಲಾಸು. ರೇಖಾಳ ತಾಯಿಗೆ ಓಡಾಡಲಾಗುವುದಿಲ್ಲ. ಮಹೇಶನಿಗೆ ಒಬ್ಬನೇ ನೋಡಿಕೊಳ್ಳುವ ಶಕ್ತಿಯಿರಲಿಲ್ಲ. ಪ್ರಸನ್ನನೇ ಮಧ್ಯೆ ಮಾತಾಡಿ ಇಲ್ಲಿನ ಶಾಲೆಗೆ ಸೇರಿಸಿದರು. ರಜೆಗೆ ಊರಿಗೆ ಕರೆದೊಯ್ದಾಗಲೆಲ್ಲ ಮಹೇಶ ವಾಪಸು ತಂದು ಅವಳನ್ನು ಗೇಟಿನಲ್ಲಿ ಇಳಿಸಿ, ಬೈಕ್ ಆಫ್ ಮಾಡದೆಯೇ ತಿರುಗಿಸಿಕೊಂಡು ಹೋಗುತ್ತಾನೆ.

ಹುಡುಗಿ ನನ್ನ ಜೊತೆ ಅಷ್ಟಾಗಿ ಮಾತಾಡುತ್ತಿರಲಿಲ್ಲ. ಊಟ ಬಡಿಸಿದರೆ ತಿನ್ನುತ್ತಿದ್ದಳು, ತಲೆ ಬಾಚಲು ಹೋದರೆ ಬಾಚಣಿಗೆ ಕಿತ್ತುಕೊಳ್ಳುತ್ತಿದ್ದಳು. ನನ್ನ ಕೆಮ್ಮು ಕೇಳಿದರೆ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದಳು. ಅದು ಭಯವೆಂದು ನಾನು ತಿಳಿದಿದ್ದೆ. ಮೊನ್ನೆ ಸಂಜೆ ಶಾಲೆಯಿಂದ ಬಂದವಳು ಬ್ಯಾಗ್ ಕೂಡ ಇಳಿಸದೆ ನನ್ನೆದುರು ನಿಂತಳು.

"ಅತ್ತೆ, ನಿಮಗೂ ಅಮ್ಮಂಗೂ ಒಂದೇ ಕಾಯಿಲೆ ಅಲ್ವಾ?"

"ಹೌದು."

"ಒಂದೇ ದಿನ ಅಂಟಿದ್ದು?"

"ಅಮ್ಮ ದಿನಾ ಅಲ್ಲೇ ಕೆಲಸ ಮಾಡ್ತಿದ್ಲು. ಅವಳಿಗೆ ಯಾವತ್ತು ಅಂಟಿತೋ ಗೊತ್ತಿಲ್ಲ."

"ಮತ್ತೆ ನೀವ್ಯಾಕೆ ಬದುಕಿದ್ರಿ?"

ಅವಳ ಕಣ್ಣಿನಲ್ಲಿದ್ದದ್ದು ಭಯವಲ್ಲ ಎಂದು ಆಗ ಗೊತ್ತಾಯಿತು. ನನ್ನ ಮೇಲೆ ಅವಳಿಗಿದ್ದ ದ್ವೇಷ ಎಷ್ಟು ನೇರವಾಗಿತ್ತೆಂದರೆ, ಅದಕ್ಕೆ ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ.

"ಪೂರ್ತಿ ಡಾಕ್ಟರಿಗೂ ಗೊತ್ತಿಲ್ಲ ಸಿಂಚು. ನನಗೆ ಔಷಧಿ ಸ್ವಲ್ಪ ಬೇಗ ಸಿಕ್ತು. ಅಮ್ಮಂಗೆ ತಡ ಆಯ್ತು."

"ಯಾಕೆ ತಡ ಆಯ್ತು?"

ಅಡುಗೆಮನೆಯ ಬಾಗಿಲಿನಲ್ಲಿ ಪ್ರಸನ್ನ ನಿಂತಿದ್ದರು. ಬೇಡ ಎಂಬಂತೆ ತಲೆಯಾಡಿಸಿದರು.

"ಅದನ್ನ ನಿಮ್ಮಪ್ಪ ಹೇಳ್ಬೇಕು" ಎಂದೆ. "ಅವನನ್ನೇ ಕೇಳು."

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಮೇಜಿನ ಮೇಲಿದ್ದ ನನ್ನ ಫೋನು ತೆಗೆದುಕೊಂಡಳು. ನನ್ನ ನಂಬರಿನಿಂದ ಬಂದ ಕರೆಯನ್ನು ಮಹೇಶ ಎತ್ತುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಅದನ್ನಿಟ್ಟು ಪ್ರಸನ್ನನ ಕಡೆ ಕೈಚಾಚಿದಳು. ಅವರು ನನ್ನನ್ನು ನೋಡಿದರು. ಆಮೇಲೆ ಜೇಬಿನಿಂದ ಫೋನು ತೆಗೆದು ಅವರೇ ಅವಳ ಕೈಗೆ ಕೊಟ್ಟರು.

ಅವಳು ಸ್ಪೀಕರ್ ಹಾಕಿದಳು. ಎರಡನೇ ರಿಂಗಿಗೇ ಎತ್ತಿದ. "ಹೇಳಿ ಭಾವ."

"ಅಪ್ಪ, ನಾನು" ಎಂದಳು ಸಿಂಚನಾ.